ಬಂದೂಕಿನ ಹಕ್ಕು ಕೇಳಿದ್ದ ಮಂಗಳೂರಿಗ

ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ನಿವೃತ್ತ ಸೈನಿಕರೊಬ್ಬರಿದ್ದಾರೆ. ಚುನಾವಣೆ ಬಂತೆಂದರೆ ತಮ್ಮ ಪರವಾನಗಿ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರುತ್ತಾರೆ. ‘ಅದು ನಿಮ್ಮ ಹಕ್ಕಲ್ಲವೇ ತಾತ?’ ಎಂದು ಕೇಳಿದ್ದೆ. ಅವರು ನಕ್ಕು ಸುಮ್ಮನಾದರು. ಬಿ.ಇ. ಓದುವ ನಮಗೆ ಸಂವಿಧಾನವೆಂದರೆ ಪಾಸಾಗಬೇಕಾದ ಒಂದು ಪೇಪರ್ ಅಷ್ಟೆ. ಆದರೂ ಉತ್ತರ ಹುಡುಕಿದೆ. ಸಿಕ್ಕವರು ಎಚ್.ವಿ. ಕಾಮತ್.

1907ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್ ಐಸಿಎಸ್ ಅಧಿಕಾರಿಯಾದರು. ನಾವು ವರ್ಷಗಟ್ಟಲೆ ಕೋಚಿಂಗ್‌ಗೆ ಅಲೆದು ಕನಸು ಕಾಣುತ್ತೇವಲ್ಲ, ಅಂಥ ಕೆಲಸ. 1938ರಲ್ಲಿ ಅದಕ್ಕೆ ರಾಜೀನಾಮೆ ಕೊಟ್ಟರು. ಮುಂದೆ ಸುಭಾಷ್‌ಚಂದ್ರ ಬೋಸರ ಫಾರ್ವರ್ಡ್ ಬ್ಲಾಕ್ ಸೇರಿದರು. ಸಂವಿಧಾನ ರಚನಾ ಸಭೆಗೂ ಆಯ್ಕೆಯಾದರು.

ಬ್ರಿಟಿಷರ ಕಾಲದಲ್ಲಿ ನಿರಾಯುಧರಾಗುವುದೆಂದರೆ ಅವಮಾನ. 1857ರಲ್ಲಿ ನಮ್ಮ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಪ್ರಾಣವನ್ನೇ ತೆತ್ತರು. 1878ರ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಅದಕ್ಕೇ 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನೂ ತನ್ನ ನಿರ್ಣಯದಲ್ಲಿ ಸೇರಿಸಿತ್ತು.

1948ರ ಡಿಸೆಂಬರ್‌ನಲ್ಲಿ ಕಾಮತ್ ಅದನ್ನೇ ಮೂಲಭೂತ ಹಕ್ಕಾಗಿಸಲು ತಿದ್ದುಪಡಿ ಮಂಡಿಸಿದರು. ಕಾಲ ಬದಲಾಗಿದೆ, ಇದು ಮೂಲಭೂತ ಹಕ್ಕಾದರೆ ಅಪರಾಧಿಗಳೂ ಆಯುಧ ಕೇಳಬಹುದು ಎಂದು ಅಂಬೇಡ್ಕರ್ ಒಪ್ಪಲಿಲ್ಲ. ತಿದ್ದುಪಡಿ ಬಿದ್ದುಹೋಯಿತು. ಇಂದು 19ನೇ ವಿಧಿ ಕೊಡುವುದು ಆಯುಧಗಳಿಲ್ಲದೆ, ಶಾಂತಿಯುತವಾಗಿ ಸಭೆ ಸೇರುವ ಹಕ್ಕನ್ನು.

ಕಾಮತ್ ಮತ್ತೊಂದು ವಾದದಲ್ಲೂ ಸೋತರು. ತುರ್ತು ಪರಿಸ್ಥಿತಿಯಲ್ಲಿ ನಾಗರಿಕರ ಹಕ್ಕುಗಳನ್ನು ಅಮಾನತಿನಲ್ಲಿಡುವ ಅಧಿಕಾರವನ್ನು 1949ರಲ್ಲಿ ಕಟುವಾಗಿ ವಿರೋಧಿಸಿದ್ದರು. 1975ರಲ್ಲಿ ಅವರ ಭಯ ನಿಜವಾಯಿತು. ಆದರೆ 1977ರಲ್ಲಿ ಆ ಸರ್ಕಾರವನ್ನು ಕೆಳಗಿಳಿಸಿದ್ದು ಬಂದೂಕಲ್ಲ, ಮತಪೆಟ್ಟಿಗೆ. ಆ ಚುನಾವಣೆಯಲ್ಲಿ ಜನತಾ ಪಕ್ಷದಿಂದ ಹೋಶಂಗಾಬಾದ್‌ನಲ್ಲಿ ಗೆದ್ದವರಲ್ಲಿ ಕಾಮತ್ ಕೂಡ ಒಬ್ಬರು. 1982ರಲ್ಲಿ ತೀರಿಕೊಂಡರು.

ಬಂದೂಕಿನ ವಿಷಯದಲ್ಲಿ ನಾನು ಅಂಬೇಡ್ಕರ್ ಪಕ್ಷ. ಆದರೆ ಸೋಲುತ್ತೇನೆಂದು ಗೊತ್ತಿದ್ದೂ ಎದ್ದು ನಿಂತು ಮಾತಾಡುವುದನ್ನು ಕಾಮತರಿಂದಲೇ ಕಲಿಯಬೇಕು. ತರಗತಿಯಲ್ಲಿ ಒಂದು ಪ್ರಶ್ನೆ ಕೇಳಲೂ ಹಿಂಜರಿಯುವವನು ನಾನು.

ಮುಂದಿನ ಚುನಾವಣೆಯಲ್ಲಿ ತಾತ ಮತ್ತೆ ಬಂದೂಕು ಒಪ್ಪಿಸುತ್ತಾರೆ. ನಾನು ಮೊದಲ ಸಲ ಮತ ಹಾಕುತ್ತೇನೆ. ಅದನ್ನು ಮಾತ್ರ ಯಾರಿಗೂ ಒಪ್ಪಿಸಬೇಕಾಗಿಲ್ಲ.