ಮೊಳಕೆಯ ರೊಟ್ಟಿ ಕಲಿಸಿದ ಆನ್ ವಿಗ್‌ಮೋರ್

ಹೆಸರುಕಾಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸುವುದು ನಮ್ಮ ಮನೆಗಳಲ್ಲಿ ಹೊಸ ಸಂಗತಿಯೇನಲ್ಲ. ಆದರೆ ಈ ಮೊಳಕೆಯನ್ನೇ ಜೀವನವ್ರತವಾಗಿಸಿಕೊಂಡು, ಒಲೆ ಹೊತ್ತಿಸದೆಯೂ ರೊಟ್ಟಿ ಮಾಡಬಹುದೆಂದು ಅಮೆರಿಕದ ಜನರಿಗೆ ಕಲಿಸಿದ ಮಹಿಳೆಯೊಬ್ಬರಿದ್ದರು. ಅವರೇ ಆನ್ ವಿಗ್‌ಮೋರ್. ಅವರ ಬಾಳಿನಿಂದ ನಾವು ಕಲಿಯಬೇಕಾದುದೂ ಇದೆ, ಎಚ್ಚರ ವಹಿಸಬೇಕಾದುದೂ ಇದೆ.

ವಿಗ್‌ಮೋರ್ ಹುಟ್ಟಿದ್ದು 1909ರಲ್ಲಿ, ಲಿಥುವೇನಿಯಾ ದೇಶದಲ್ಲಿ. ಬೆಳೆದುದು ಅಜ್ಜಿಯ ಆಸರೆಯಲ್ಲಿ. ಮೊದಲ ಮಹಾಯುದ್ಧದ ದಿನಗಳಲ್ಲಿ ಗಾಯಾಳುಗಳಿಗೆ ಅಜ್ಜಿ ಗಿಡಮೂಲಿಕೆಗಳ ಮದ್ದು ಮಾಡುತ್ತಿದ್ದುದನ್ನು ಕಂಡು ತಮಗೆ ಹಸುರಿನಲ್ಲಿ ನಂಬಿಕೆ ಹುಟ್ಟಿತೆಂದು ಅವರು ಬರೆದುಕೊಂಡಿದ್ದಾರೆ. ಮುಂದೆ ಅಮೆರಿಕ ಸೇರಿದರು. ಅಲ್ಲಿ ಅಪಘಾತವೊಂದರಲ್ಲಿ ಕಾಲುಗಳು ಮುರಿದು ಕೊಳೆಯತೊಡಗಿದಾಗ, ಕತ್ತರಿಸಲು ಒಪ್ಪದೆ ಸೊಪ್ಪು, ಹುಲ್ಲುಗಳಿಂದಲೇ ವಾಸಿಮಾಡಿಕೊಂಡೆನೆಂಬುದೂ ಅವರದೇ ಬರಹ. ಈ ಕಥೆ ನಿಂತಿರುವುದು ಅವರ ಮಾತಿನ ಮೇಲೆಯೇ.

1960ರ ದಶಕದಲ್ಲಿ ಅವರು ವಿಕ್ಟೋರಾಸ್ ಕುಲ್ವಿನ್‌ಸ್ಕಾಸ್ ಎಂಬವರೊಡನೆ ಸೇರಿ ಬಾಸ್ಟನ್ ನಗರದಲ್ಲಿ ಒಂದು ಆರೋಗ್ಯ ಕೇಂದ್ರವನ್ನು ಕಟ್ಟಿದರು. ಗ್ರೀಸಿನ ಪ್ರಾಚೀನ ವೈದ್ಯ ಹಿಪ್ಪೋಕ್ರೇಟಿಸನ ಹೆಸರನ್ನೇ ಅದಕ್ಕಿಟ್ಟರು. ಬೇಯಿಸದ ಆಹಾರವೇ ಜೀವಂತ ಆಹಾರ ಎಂಬುದು ಅಲ್ಲಿಯ ಮೂಲಮಂತ್ರ. ಗೋಧಿ ಹುಲ್ಲಿನ ರಸಕ್ಕೆ ಲೋಕದಲ್ಲೆಲ್ಲ ಹೆಸರು ಬಂದುದು ಮುಖ್ಯವಾಗಿ ಇವರಿಂದಲೇ.

ಒಲೆಯಿಲ್ಲದ ರೊಟ್ಟಿಯ ಕ್ರಮ ಸರಳವಾದುದು. ಗೋಧಿಯನ್ನು ಒಂದು ರಾತ್ರಿ ನೆನೆಸಿ, ನೀರು ಬಸಿದು, ದಿನಕ್ಕೆರಡು ಬಾರಿ ತೊಳೆಯುತ್ತ ಇಟ್ಟರೆ ಎರಡು ದಿನಗಳಲ್ಲಿ ಕಾಳಿನುದ್ದದ ಮೊಳಕೆ ಬರುತ್ತದೆ. ಅದನ್ನು ನೀರು ಸೇರಿಸದೆ ರುಬ್ಬಿ, ತೆಳುವಾಗಿ ತಟ್ಟಿ ಬಿಸಿಲಿನಲ್ಲಿ ಒಣಗಿಸಬೇಕು. ಬಿಸಿಲಿಲ್ಲದ ಊರುಗಳಲ್ಲಿ ಸುಮಾರು 45 ಡಿಗ್ರಿ ಸೆಲ್ಸಿಯಸ್ ಮೀರದ ಶಾಖದ ಪೆಟ್ಟಿಗೆಯನ್ನು ಬಳಸುತ್ತಾರೆ. ದಪ್ಪವಿದ್ದರೆ ಒಳಗೆ ಮೆತ್ತಗಿರುವ ರೊಟ್ಟಿ. ಇನ್ನೂ ತೆಳುವಾಗಿಸಿ, ಎಳ್ಳನ್ನೋ ಅಗಸೆಯನ್ನೋ ಬೆರೆಸಿ ಗರಿಗರಿಯಾಗಿ ಒಣಗಿಸಿದರೆ ಬಿಸ್ಕತ್ತಿನಂಥ ತಿನಿಸು. ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಹರಡಿ ಕಾಗೆ ಕಾಯುವ ನಮ್ಮ ಮನೆಯ ತಾಯಂದಿರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮೊಳಕೆಯ ಗುಣವಾದರೂ ಕಟ್ಟುಕಥೆಯಲ್ಲ. ಮೊಳೆಯುವಾಗ ಕಾಳಿನ ಪಿಷ್ಟದ ಒಂದಂಶ ಸಕ್ಕರೆಯಾಗುತ್ತದೆ. ಆದುದರಿಂದಲೇ ಆ ರೊಟ್ಟಿಗೆ ಬೆಲ್ಲ ಹಾಕದಿದ್ದರೂ ನಸುಸಿಹಿ. ಕಬ್ಬಿಣ, ಸತುಗಳನ್ನು ದೇಹಕ್ಕೆ ದಕ್ಕದಂತೆ ತಡೆಯುವ ಫೈಟಿಕ್ ಆಮ್ಲ ಕಡಿಮೆಯಾಗುತ್ತದೆ. ಒಣ ಕಾಳಿನಲ್ಲಿ ಇಲ್ಲವೆನ್ನುವಷ್ಟಿರುವ ಸಿ ಜೀವಸತ್ವ ಮೊಳಕೆಯಲ್ಲಿ ಕಾಣಿಸಿಕೊಳ್ಳುತ್ತದೆ.

ವಿಗ್‌ಮೋರ್ ಇಷ್ಟಕ್ಕೇ ನಿಂತಿದ್ದರೆ ಅವರ ಹೆಸರಿಗೆ ಕಳಂಕ ತಟ್ಟುತ್ತಿರಲಿಲ್ಲ. ಹಸಿ ಆಹಾರದ ಕಿಣ್ವಗಳು ರೋಗವನ್ನು ಅಟ್ಟುತ್ತವೆ ಎಂದು ಅವರು ಸಾರಿದರು. ಆದರೆ ಆ ಕಿಣ್ವಗಳಲ್ಲಿ ಹೆಚ್ಚಿನವು ನಮ್ಮ ಹೊಟ್ಟೆಯಲ್ಲಿ ಬೇರೆ ಪ್ರೋಟೀನುಗಳಂತೆಯೇ ಜೀರ್ಣವಾಗಿ ಹೋಗುತ್ತವೆ. ತಮ್ಮ ಪಥ್ಯದಿಂದ ಮಧುಮೇಹಿಗಳು ಇನ್ಸುಲಿನ್ ಕಡಿಮೆ ಮಾಡಬಹುದು, ಬಿಡಲೂಬಹುದು, ಮಕ್ಕಳಿಗೆ ಲಸಿಕೆಯ ಅಗತ್ಯವೂ ಇರದು ಎಂಬ ಮಟ್ಟಕ್ಕೆ ಅವರ ಪ್ರಚಾರ ಹೋದಾಗ ಮೆಸಾಚುಸೆಟ್ಸ್ ಸರಕಾರದ ಅಟಾರ್ನಿ ಜನರಲ್ 1982ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ವಿಗ್‌ಮೋರ್ ಸೋತು ಆ ಮಾತುಗಳನ್ನು ಕೈಬಿಟ್ಟರು. 1988ರಲ್ಲಿ ಏಡ್ಸ್ ರೋಗಕ್ಕೆ ತಮ್ಮ ಸೂಪು ಮದ್ದೆಂದು ಹೇಳಿದಾಗ ಮತ್ತೆ ಮೊಕದ್ದಮೆ. ಅಭಿಪ್ರಾಯ ಹೇಳುವ ಸ್ವಾತಂತ್ರ್ಯ ಅವರಿಗಿದೆ, ಆದರೆ ವೈದ್ಯೆಯೆಂದು ಹೇಳಿಕೊಳ್ಳಕೂಡದು ಎಂಬಂತೆ ನ್ಯಾಯಾಧೀಶರು ತೀರ್ಪಿತ್ತರು.

ಇನ್ಸುಲಿನ್ನನ್ನೇ ನಂಬಿ ಬದುಕಿರುವ ಮಗುವೊಂದು ಅದನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ. ಒಳ್ಳೆಯ ತಿನಿಸನ್ನು ಔಷಧಿಯ ಪೀಠದಲ್ಲಿ ಕೂರಿಸಿದರೆ ಆಗುವ ಅನಾಹುತ ಇಂಥದು.

ಮೊಳಕೆಗೂ ತನ್ನದೇ ಅಪಾಯವಿದೆ. ತೇವ, ಬೆಚ್ಚನೆಯ ತಾವು ಕಾಳಿಗೆ ಹಿತವಾದಂತೆ ರೋಗಾಣುಗಳಿಗೂ ಹಿತ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಸೋಂಕಿಗೆ 50ಕ್ಕೂ ಹೆಚ್ಚು ಮಂದಿ ಬಲಿಯಾದರು. ಬಿಸಿಲು ಕಾಣದ ನಮ್ಮ ಆಟಿ ತಿಂಗಳಲ್ಲಂತೂ ಇಂಥ ರೊಟ್ಟಿ ಒಣಗುವ ಮೊದಲೇ ಹಳಸೀತು. ಗರ್ಭಿಣಿಯರು, ಚಿಕ್ಕ ಮಕ್ಕಳು, ವೃದ್ಧರು ಮೊಳಕೆಯನ್ನು ಬೇಯಿಸಿ ತಿನ್ನುವುದೇ ಲೇಸು.

1994ರ ಫೆಬ್ರವರಿಯಲ್ಲಿ ಬಾಸ್ಟನ್ನಿನ ಆ ಕೇಂದ್ರಕ್ಕೆ ಬೆಂಕಿ ಬಿತ್ತು. ಹೊಗೆ ತುಂಬಿದ ಮನೆಯಲ್ಲಿ ವಿಗ್‌ಮೋರ್ ಅಸುನೀಗಿದರು. ಆಗ ಅವರಿಗೆ 84 ವರ್ಷ. ಆಹಾರಕ್ಕೆ ಬೆಂಕಿ ಸೋಕಬಾರದೆಂದು ಬಾಳಿದವರ ಕೊನೆ ಬೆಂಕಿಯಿಂದಲೇ ಆದುದು ವಿಧಿಯ ವಿಪರ್ಯಾಸ.

ಅವರು ಕಲಿಸಿದ ರೊಟ್ಟಿ ಉಳಿದಿದೆ. ಅದನ್ನು ನಾವು ತಟ್ಟೆಯಲ್ಲಿಟ್ಟು ತಿನ್ನೋಣ. ಮದ್ದಿನ ಕಪಾಟು ಮಾತ್ರ ವೈದ್ಯರ ವಶದಲ್ಲೇ ಇರಲಿ.