ಓಲೆಗಳನ್ನು ಓದಿದ ಮಹನೀಯರು: ಫ. ಗು. ಹಳಕಟ್ಟಿ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ದಟ್ಟಡವಿಯ ನಡುವೆ ಉಳವಿ ಎಂಬ ಪುಣ್ಯಕ್ಷೇತ್ರವುಂಟು. ಷಟ್‌ಸ್ಥಲಜ್ಞಾನಿಗಳಾದ ಚೆನ್ನಬಸವಣ್ಣನವರು ಲಿಂಗೈಕ್ಯರಾದ ಸ್ಥಳವಿದು. ವರ್ಷವರ್ಷವೂ ಮಾಘಮಾಸದ ಜಾತ್ರೆಗೆ ಬಯಲುಸೀಮೆಯ ಭಕ್ತರು ಚಕ್ಕಡಿಗಳನ್ನು ಹೂಡಿಕೊಂಡು ಹಳಿಯಾಳ, ದಾಂಡೇಲಿಗಳ ಮಾರ್ಗವಾಗಿ ಇಲ್ಲಿಗೆ ಬರುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ವಿಪ್ಲವವುಂಟಾದಾಗ ಶರಣರು ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಈ ಅಡವಿಯನ್ನು ಸೇರಿದರೆಂಬುದು ಪರಂಪರೆಯ ನಂಬುಗೆ.

ಓಲೆಗಳನ್ನು ಹೊತ್ತು ತಂದವರನ್ನು ನಾಡು ನೆನೆಯುತ್ತದೆ. ಅವುಗಳನ್ನು ಬಿಚ್ಚಿ ಓದಿದವರನ್ನೂ ಅಷ್ಟೇ ಭಕ್ತಿಯಿಂದ ನೆನೆಯಬೇಕು. ಏಕೆಂದರೆ ಕಾಲಾನಂತರದಲ್ಲಿ ಎಷ್ಟೋ ಮಠಗಳಲ್ಲಿ, ಮನೆಗಳಲ್ಲಿ ಈ ಕಟ್ಟುಗಳು ವಸ್ತ್ರದಲ್ಲಿ ಸುತ್ತಲ್ಪಟ್ಟು ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವೇ ಹೊರತು ಓದಲ್ಪಡುತ್ತಿರಲಿಲ್ಲ. ಪೂಜೆಯಿಂದ ಓಲೆ ಉಳಿಯಿತು. ಅದರೊಳಗಿನ ಮಾತು ಮೌನವಾಗಿತ್ತು. ಆ ಮೌನವನ್ನು ಮುರಿದವರಲ್ಲಿ ಅಗ್ರಗಣ್ಯರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಗ್ರಂಥರಚನೆ ಮಾಡಿದವರು. ಪುಸ್ತಕವು ಮನೆಯ ಪಾತ್ರೆಪಡಗಗಳಷ್ಟೇ ಸಹಜವಾಗಿದ್ದ ಮನೆಯಲ್ಲಿ ಬಾಲಕನಿಗೆ ಓದಿನ ಸಂಸ್ಕಾರವು ಎಳೆಯ ವಯಸ್ಸಿನಲ್ಲಿಯೇ ದೊರೆಯಿತು. ಉನ್ನತ ವ್ಯಾಸಂಗಕ್ಕಾಗಿ ಮುಂಬಯಿಗೆ ಹೋದಾಗ ಅನ್ಯಭಾಷಿಕರು ತಮ್ಮ ನುಡಿಯ ಮೇಲೆ ಇಟ್ಟಿದ್ದ ಅಭಿಮಾನವನ್ನು ಕಂಡು, ಕನ್ನಡಿಗರ ನಿಧಿ ಎಲ್ಲಿ ಹುದುಗಿದೆಯೆಂಬ ಚಿಂತನೆ ಅವರಲ್ಲಿ ಅಂಕುರಿಸಿತು. 1904ರಲ್ಲಿ ನ್ಯಾಯಶಾಸ್ತ್ರದ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ವಕೀಲಿ ವೃತ್ತಿಯನ್ನು ಕೈಕೊಂಡು, ತರುವಾಯ ವಿಜಾಪುರದಲ್ಲಿ ನೆಲೆನಿಂತರು.

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ರಬಕವಿ-ಬನಹಟ್ಟಿಯ ಕಡೆಯ ಮನೆಯೊಂದರಲ್ಲಿ ಅವರಿಗೆ ವಚನಗಳ ತಾಳೆಯೋಲೆಗಳು ದೃಷ್ಟಿಗೋಚರವಾದವು. ಕುತೂಹಲದಿಂದ ಆರಂಭವಾದ ಓದು ವ್ರತವಾಯಿತು. ಬಿಡುವು ದೊರೆತಾಗಲೆಲ್ಲ ಊರೂರು ಸುತ್ತಿ, ಮಠಗಳನ್ನೂ ಮನೆತನಗಳನ್ನೂ ಸಂದರ್ಶಿಸಿ, ಓಲೆಗಳನ್ನು ಬೇಡಿ ತಂದರು.

ಓಲೆಯನ್ನು ಓದುವುದು ಮುದ್ರಿತ ಪುಸ್ತಕವನ್ನು ಓದಿದಂತಲ್ಲ. ಪದಪದಗಳ ನಡುವೆ ಎಡೆಯಿರದು. ಅಕ್ಷರಗಳು ಮಸುಕಾಗಿರುತ್ತವೆ, ಅಂಚುಗಳು ಹುಳುತಿಂದಿರುತ್ತವೆ, ಲಿಪಿಕಾರನ ಕೈತಪ್ಪುಗಳೂ ಇರುತ್ತವೆ. ಒಂದು ಪ್ರತಿಯ ಪಾಠವನ್ನು ಇನ್ನೊಂದರೊಡನೆ ಒರೆಹಚ್ಚಬೇಕು. ವಚನಕಾರನನ್ನು ಅಂಕಿತದಿಂದಲೇ ಗುರುತಿಸಬೇಕು. ಬಸವಣ್ಣನವರ ಅಂಕಿತ ಕೂಡಲಸಂಗಮದೇವ, ಚೆನ್ನಬಸವಣ್ಣನವರದು ಕೂಡಲಚೆನ್ನಸಂಗಮದೇವ. ನಡುವಿನ ಎರಡಕ್ಷರ ಕಣ್ತಪ್ಪಿದರೆ ಅಳಿಯನ ಮಾತು ಸೋದರಮಾವನ ಪಾಲಾಗುತ್ತದೆ. ನ್ಯಾಯಾಲಯದ ಕಾಗದಪತ್ರಗಳನ್ನು ಸೂಕ್ಷ್ಮವಾಗಿ ಪರಿಶೀಲಿಸುತ್ತಿದ್ದ ಕಣ್ಣು ಇಲ್ಲಿಯೂ ಅದೇ ನಿಷ್ಠೆಯಿಂದ ದುಡಿಯಿತು.

ಎರಡು ದಶಕಗಳ ಈ ಪರಿಶ್ರಮದ ಫಲವಾಗಿ 1923ರಲ್ಲಿ ವಚನಶಾಸ್ತ್ರಸಾರದ ಪ್ರಥಮ ಭಾಗವು ಬೆಳಗಾವಿಯಲ್ಲಿ ಮುದ್ರಣಗೊಂಡಿತು. ಮುಂದಿನ ಗ್ರಂಥಗಳಿಗೆ ಅನ್ಯರ ಮುದ್ರಣಾಲಯವನ್ನು ಕಾಯುವುದು ಬೇಡವೆಂದು ಅವರು ವಾಸದ ಮನೆಯನ್ನೇ ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆ ಹೊರಟಿತು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿ ಅವರಿಗೆ ಸಂದಿತು. 1927ರಲ್ಲಿ ನವಕರ್ನಾಟಕ ವಾರಪತ್ರಿಕೆ, 1930ರಲ್ಲಿ ಶೂನ್ಯಸಂಪಾದನೆ, ಮತ್ತೆ ಹರಿಹರನ ರಗಳೆಗಳು ಒಂದರ ಹಿಂದೊಂದು ಬೆಳಕು ಕಂಡವು. ಅದುವರೆಗೆ ಐವತ್ತರಷ್ಟು ವಚನಕಾರರ ಹೆಸರುಗಳು ಮಾತ್ರ ತಿಳಿದಿದ್ದವು. ಅವರ ಶೋಧನೆಯಿಂದ ಆ ಸಂಖ್ಯೆ ಇನ್ನೂರೈವತ್ತನ್ನು ಮುಟ್ಟಿತು.

ಇಷ್ಟಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಕೀರ್ತಿವಂತ ವಕೀಲರ ಗಳಿಕೆ ಕಾಗದಕ್ಕೂ ಮಸಿಗೂ ಕರಗಿತು. ಹಳೆಯ ಕೋಟು, ಸೈಕಲ್ಲಿನ ಸವಾರಿ, ಬಡತನದ ಮನೆವಾರ್ತೆ ಇವೇ ಕೊನೆಯವರೆಗಿನ ಸಂಪತ್ತಾದವು. ಆದರೆ ಓದು ಅವರನ್ನು ಏಕಾಂತವಾಸಿಯನ್ನಾಗಿ ಮಾಡಲಿಲ್ಲ. ಕಾಯಕ, ದಾಸೋಹಗಳ ತತ್ತ್ವವನ್ನು ಓಲೆಯಲ್ಲಿ ಕಂಡವರು ಅದನ್ನು ಊರಿನ ಬಾಳಿನಲ್ಲಿಯೂ ಕಾಣಬಯಸಿದರು. 1910ರಲ್ಲಿ ವಿಜಾಪುರದಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯ ಸ್ಥಾಪನೆಗೂ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಅವರು ಕಾರಣಪುರುಷರಾದರು. ಓದಿದ ಮಾತು ನಡೆಯಾಗದಿದ್ದರೆ ಅದು ಓದಲ್ಲವೆಂಬುದನ್ನು ಅವರ ಬಾಳು ತೋರಿಸಿತು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ನಾಡು ಅವರನ್ನು ವಚನ ಪಿತಾಮಹರೆಂದು ಕರೆಯಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಇಂದು ವಚನಗಳು ಸುಲಭ ಬೆಲೆಗೆ ದೊರೆಯುತ್ತವೆ. ಬಿಚ್ಚಲು ಕಟ್ಟಿಲ್ಲ, ತಿದ್ದಲು ಕೈತಪ್ಪಿಲ್ಲ. ಆದರೂ ಮುದ್ರಿತ ಗ್ರಂಥವೇ ಇಂದು ಜಗಲಿಯನ್ನೇರಿ ವಿಭೂತಿ ಧರಿಸಿ ಕುಳಿತರೆ ಹಳೆಯ ಮೌನವೇ ಮರಳಿ ಬಂದಂತಾಗುವುದು. ಉಳವಿಯ ಹಾದಿಯಲ್ಲಿ ಚಕ್ಕಡಿ ಹೂಡುವ ಭಕ್ತನು ಮನೆಗೆ ಹಿಂದಿರುಗಿದ ಮೇಲೆ ದಿನಕ್ಕೊಂದು ವಚನವನ್ನಾದರೂ ಅರ್ಥವರಿತು ಓದಿದರೆ, ಓಲೆಗಳನ್ನು ಹೊತ್ತು ತಂದ ಶರಣರ ಶ್ರಮವೂ, ಮನೆಮಾರಿ ಮುದ್ರಿಸಿದ ಹಳಕಟ್ಟಿಯವರ ಶ್ರಮವೂ ಸಾರ್ಥಕವಾಗುವವು.