ಮಿಕ್ಕಿ ಇಲಿಯ ಯಜಮಾನ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಪ್ರಸಿದ್ಧ ವ್ಯಕ್ತಿಯ ಬಗ್ಗೆ ಬರೆದುಕೊಡಬೇಕೆಂದು ಸಮಿತಿಯ ಗೆಳೆಯರು ಕೇಳಿದಾಗ ನಾನು ವಾಲ್ಟ್ ಡಿಸ್ನಿಯ ಹೆಸರು ಹೇಳಿದೆ. ವಿಶ್ವೇಶ್ವರಯ್ಯ, ಕಲಾಂ ಅವರ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಮಿಕ್ಕಿ ಇಲಿಯನ್ನು ಕಾಣದ ಮಗು ನಮ್ಮೂರಿನಲ್ಲೂ ಇಲ್ಲ. ಅಂಗನವಾಡಿ ಗೋಡೆಯ ಮೇಲೆ ಅ, ಆ, ಇ, ಈ ಪಕ್ಕದಲ್ಲೇ ಅದು ಕೈ ಬೀಸುತ್ತಾ ನಿಂತಿದೆ. ಆ ಇಲಿಯ ಯಜಮಾನನನ್ನು ನಾನು ಮೆಚ್ಚುತ್ತೇನೆ, ಅನುಮಾನದಿಂದಲೂ ನೋಡುತ್ತೇನೆ. ಎರಡನ್ನೂ ಬರೆಯುತ್ತೇನೆ.

ವಾಲ್ಟ್ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಅಮೆರಿಕದ ಶಿಕಾಗೋದಲ್ಲಿ. ನಾಲ್ಕು ವರ್ಷದವನಿದ್ದಾಗ ಮನೆಯವರು ಮಿಸೌರಿ ರಾಜ್ಯದ ಮಾರ್ಸಲಿನ್ ಎಂಬ ಸಣ್ಣ ಊರಿಗೆ ಬಂದು ಜಮೀನು ಮಾಡಿದರು. ಅಲ್ಲಿ ಕಳೆದ ಕೆಲವೇ ವರ್ಷಗಳನ್ನು ಆತ ಸಾಯುವವರೆಗೆ ಮರೆಯಲಿಲ್ಲ. ಬೇಸಾಯ ಮಾತ್ರ ಕೈಹಿಡಿಯಲಿಲ್ಲ. ಜಮೀನು ಮಾರಿ ಕ್ಯಾನ್ಸಸ್ ಸಿಟಿಗೆ ಹೋದ ಅಪ್ಪ ಇಲಿಯಾಸ್ ಮನೆಮನೆಗೆ ಪೇಪರ್ ಹಾಕುವ ಕೆಲಸ ಹಿಡಿದ. ಹಾಕುತ್ತಿದ್ದವರು ವಾಲ್ಟ್ ಮತ್ತು ಅಣ್ಣ ರಾಯ್. ಹಿಮ ಬೀಳುತ್ತಿದ್ದರೂ ಬೆಳಗಿನ ಜಾವವೇ ಏಳಬೇಕು. ವಾಲ್ಟ್‌ಗೆ ಅಪ್ಪ ಕೂಲಿ ಕೊಡುತ್ತಿರಲಿಲ್ಲ. ಹುಡುಗ ತರಗತಿಯಲ್ಲಿ ತೂಕಡಿಸುತ್ತಿದ್ದ. ಡೈರಿಗೆ ಹಾಲು ಹಾಕಿ ಪ್ರಾರ್ಥನೆಗೆ ಓಡಿ ಬರುತ್ತಿದ್ದ ನಮ್ಮ ಬ್ಯಾಚಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆತ ಹೈಸ್ಕೂಲು ಮುಗಿಸಲಿಲ್ಲ. 1918ರಲ್ಲಿ ರೆಡ್ ಕ್ರಾಸ್ ಆಂಬುಲೆನ್ಸ್ ದಳ ಸೇರಲು ವಯಸ್ಸು ಸಾಲದೆ, ಅರ್ಜಿಯಲ್ಲಿ ಹುಟ್ಟಿದ ವರ್ಷವನ್ನು 1900 ಎಂದು ತಿದ್ದಿದ. (ಅರ್ಧ ಊರೇ ಜೂನ್ 1ರಂದು ಹುಟ್ಟಿರುವ ನಮಗೆ ಇದೇನೂ ದೊಡ್ಡ ಅಪರಾಧವಾಗಿ ಕಾಣದು.) ಫ್ರಾನ್ಸ್ ತಲುಪುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. ವಾಪಸು ಬಂದು ಕ್ಯಾನ್ಸಸ್ ಸಿಟಿಯಲ್ಲಿ ತೆರೆದ ಕಾರ್ಟೂನ್ ಕಂಪನಿ 1923ರಲ್ಲಿ ದಿವಾಳಿಯಾಯಿತು. ಅದೇ ವರ್ಷ ಹಾಲಿವುಡ್‌ಗೆ ಹೋಗಿ ಅಣ್ಣನ ಜೊತೆ ಸೇರಿ ಹೊಸ ಸ್ಟುಡಿಯೋ ಶುರು ಮಾಡಿದ. ತಮ್ಮನ ತಲೆ, ಅಣ್ಣನ ಲೆಕ್ಕ. ಕೊನೆಯವರೆಗೂ ಹಾಗೇ ನಡೆಯಿತು.

ನನ್ನ ಲೆಕ್ಕದಲ್ಲಿ ಅವನ ಬದುಕಿನ ಮುಖ್ಯ ಘಟನೆ ನಡೆದದ್ದು 1928ರಲ್ಲಿ. ಆಸ್ವಾಲ್ಡ್ ಎಂಬ ಮೊಲದ ಕಾರ್ಟೂನುಗಳು ಆಗ ಚೆನ್ನಾಗಿ ಓಡುತ್ತಿದ್ದವು. ಹೆಚ್ಚು ಹಣ ಕೇಳಲು ವಾಲ್ಟ್ ನ್ಯೂಯಾರ್ಕಿಗೆ ಹೋದರೆ, ವಿತರಕ ಚಾರ್ಲ್ಸ್ ಮಿಂಟ್ಜ್ ಇನ್ನೂ ಕಡಿಮೆ ಕೊಡುತ್ತೇನೆಂದ. ವಾಲ್ಟ್‌ನ ಬಹುಪಾಲು ಚಿತ್ರಕಾರರನ್ನು ಮಿಂಟ್ಜ್ ಒಳಗೊಳಗೇ ತನ್ನ ಕಡೆ ಸೆಳೆದುಕೊಂಡಿದ್ದ. ಕರಾರಿನ ಪ್ರಕಾರ ಮೊಲವೂ ವಾಲ್ಟ್‌ನದಲ್ಲ, ಯೂನಿವರ್ಸಲ್ ಕಂಪನಿಯದು. ನಾನು ಕೆಲಸಕ್ಕೆ ಸೇರಿದ ದಿನ ಸಹಿ ಹಾಕಿದ ಕಾಗದಗಳಲ್ಲೂ ಅಂಥದ್ದೊಂದು ಸಾಲಿತ್ತು. ನಾನು ಬರೆಯುವ ಪ್ರತಿ ಸಾಲು ಕೋಡ್ ಕಂಪನಿಗೇ ಸೇರಿದ್ದು. ಆದ್ದರಿಂದ ಮೊಲ ಕಳೆದುಕೊಂಡ ವಾಲ್ಟ್ ನನಗೆ ಹತ್ತಿರದವನು.

ಆ ಮೊಲದ ಜಾಗಕ್ಕೆ ಬಂದದ್ದೇ ಇಲಿ. ಅದಕ್ಕೆ ರೂಪ ಕೊಟ್ಟು ಮೊದಲ ಕಾರ್ಟೂನುಗಳನ್ನು ಬಹುಪಾಲು ಬಿಡಿಸಿದವನು ಬಿಟ್ಟುಹೋಗದೆ ಉಳಿದಿದ್ದ ಗೆಳೆಯ ಅಬ್ ಐವರ್ಕ್ಸ್. ಇಲಿಗೆ ದನಿ ವಾಲ್ಟ್‌ನದು. 1928ರ ನವೆಂಬರ್ 18ರಂದು ಸ್ಟೀಮ್‌ಬೋಟ್ ವಿಲ್ಲಿ ಚಿತ್ರದಲ್ಲಿ ಚಿತ್ರಕ್ಕೆ ತಕ್ಕ ಸಂಗೀತದೊಡನೆ ಇಲಿ ಕುಣಿದಾಗ ಜನ ಮರುಳಾದರು. ಈ ಸಲ ಹಕ್ಕೆಲ್ಲ ಡಿಸ್ನಿಯದೇ. ಕೈಯಾರೆ ಬಿಡಿಸಿದವನ ಹೆಸರು ಇವತ್ತು ಎಷ್ಟು ಜನರಿಗೆ ಗೊತ್ತು? ಮೊಲದ ವಿಷಯದಲ್ಲಿ ತನಗಾದ ನೋವಿನಿಂದ ಆತ ಕಲಿತದ್ದು ಹಕ್ಕನ್ನು ಬಿಗಿಯಾಗಿ ಹಿಡಿದುಕೊಳ್ಳುವುದನ್ನು, ಹಂಚಿಕೊಳ್ಳುವುದನ್ನಲ್ಲ.

1937ರ ಸ್ನೋ ವೈಟ್ ಚಿತ್ರದ ಮುಂದೆ ಮಾತ್ರ ನಾನು ತಲೆಬಾಗುತ್ತೇನೆ. ಸುಮಾರು 15 ಲಕ್ಷ ಡಾಲರ್ ಸುರಿದು ಪೂರ್ಣಪ್ರಮಾಣದ ಕಾರ್ಟೂನ್ ಸಿನಿಮಾ ಮಾಡಲು ಹೊರಟವನನ್ನು ಹಾಲಿವುಡ್ ಹುಚ್ಚನೆಂದೇ ಬಗೆದಿತ್ತು. ಚಿತ್ರ ನೋಡಿದವರು ಅತ್ತರು. ಅದರ ಒಂದೊಂದು ಚಿತ್ರವನ್ನೂ ಪಾರದರ್ಶಕ ಹಾಳೆಗೆ ಶಾಯಿಯಲ್ಲಿ ಇಳಿಸಿ ಬಣ್ಣ ತುಂಬಿದವರು ಹೆಂಗಸರು. ಪರದೆಯ ಮೇಲೆ ಅವರ ಹೆಸರು ಬರಲಿಲ್ಲ.

ಮುಂದೆ ಯುದ್ಧದಿಂದಾಗಿ ಯುರೋಪಿನ ಮಾರುಕಟ್ಟೆ ಮುಚ್ಚಿತು, ಸಾಲ ಏರಿತು. ಒಬ್ಬೊಬ್ಬರಿಗೆ ಒಂದೊಂದು ಸಂಬಳ, ಜೊತೆಗೆ ಕೆಲಸದಿಂದ ತೆಗೆಯುವ ಮಾತು. ಗೂಫಿಗೆ ಜೀವ ತುಂಬಿದ ಆರ್ಟ್ ಬ್ಯಾಬಿಟ್ ಸಂಘದ ಪರ ನಿಂತ, ವಾಲ್ಟ್ ಅವನನ್ನು ಕಿತ್ತುಹಾಕಿದ. 1941ರ ಮೇ 29ರಂದು ಮುಷ್ಕರ ಶುರುವಾಯಿತು. ಗೇಟಿನ ಹೊರಗೆ ನಿಂತವರು ತನ್ನ ಮನೆಯವರೇ ತನಗೆ ಎರಡು ಬಗೆದರೆಂದು ವಾಲ್ಟ್ ತಿಳಿದ. ಕಂಪನಿ ಒಂದು ಕುಟುಂಬ ಎಂದು ನಂಬಿದ ಯಜಮಾನನ ಕಷ್ಟ ಇದು. ಮನೆಯಲ್ಲಿ ಯಾರೂ ಸಂಬಳ ಕೇಳುವುದಿಲ್ಲವಲ್ಲ! ಪೇಪರ್ ಹಾಕಿಸಿ ಕೂಲಿ ಕೊಡದ ಅಪ್ಪನ ನೆನಪಾಗುತ್ತದೆ. 1947ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಆತ ಆ ಮುಷ್ಕರ ಕಮ್ಯುನಿಸ್ಟರ ಕೈವಾಡವೆಂದ, ಹೆಸರುಗಳನ್ನೂ ಹೇಳಿದ. ಅದನ್ನು ನಾನು ಕ್ಷಮಿಸಲಾರೆ.

ಆದರೂ ಅದೇ ಮನುಷ್ಯ ತನ್ನ ಜೀವವಿಮೆಯ ಮೇಲೆ ಸಾಲ ತೆಗೆದು ಅನಾಹೈಮ್‌ನ 160 ಎಕರೆ ಕಿತ್ತಳೆ ತೋಟದಲ್ಲಿ ಡಿಸ್ನಿಲ್ಯಾಂಡ್ ಕಟ್ಟಿದ. 1955ರ ಜುಲೈ 17ರ ಉದ್ಘಾಟನೆಯ ದಿನ ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಚಪ್ಪಲಿ ಹೂತವು, ಕುಡಿಯುವ ನೀರಿಗೂ ಪರದಾಟ. ಹಾಗಿದ್ದೂ ಜನ ಮತ್ತೆ ಮತ್ತೆ ಬಂದರು. ಅದರ ಮುಖ್ಯಬೀದಿಯಲ್ಲಿ ಮಾರ್ಸಲಿನ್ ಊರಿನ ನೆನಪಿದೆ.

ಒಂದು ಮಾತು ಸ್ಪಷ್ಟಪಡಿಸಬೇಕು. 1993ರಲ್ಲಿ ನಾವೆಲ್ಲ ದೂರದರ್ಶನದಲ್ಲಿ ನೋಡಿದ ಭಾನುವಾರದ ಮೊಗ್ಲಿ ಡಿಸ್ನಿಯದಲ್ಲ, ಜಪಾನಿನವರದು. ವಾಲ್ಟ್‌ನ ಜಂಗಲ್ ಬುಕ್ ತೆರೆಗೆ ಬಂದದ್ದು 1967ರಲ್ಲಿ, ಅವನ ಮರಣದ ಮಾರನೆಯ ವರ್ಷ.

ಯಜಮಾನ ಹೋದ ಮೇಲೆ ಹಿಡಿತ ಇನ್ನೂ ಬಿಗಿಯಾಯಿತು. 1989ರಲ್ಲಿ ಕಂಪನಿಯು ಫ್ಲಾರಿಡಾದ ಮೂರು ಶಿಶುಕೇಂದ್ರಗಳಿಗೆ ಗೋಡೆಯ ಮೇಲಿನ ಮಿಕ್ಕಿಯನ್ನು ಅಳಿಸಲು ತಾಕೀತು ಮಾಡಿತು. ನಮ್ಮ ಅಂಗನವಾಡಿಯ ಗೋಡೆ ಅವರ ಕಣ್ಣಿಗೆ ಬಿದ್ದಿಲ್ಲ, ಪುಣ್ಯ! 2019ರಿಂದ 2024ರವರೆಗೆ ನಮ್ಮಮ್ಮ ಸಂಜೆ ಹಾಕುತ್ತಿದ್ದ ಸ್ಟಾರ್ ಸುವರ್ಣ ವಾಹಿನಿಯೂ ಅದೇ ಕಂಪನಿಯದಾಗಿತ್ತು. ಅಮ್ಮನಿಗೆ ಹೇಳಿದರೆ ಧಾರಾವಾಹಿ ಮುಗಿಯಲಿ, ಸುಮ್ಮನಿರು ಅಂದರು. ನನ್ನ ಮಗಳ ಶಾಲೆಯ ಬ್ಯಾಗಿನ ಮೇಲೂ ಮಿಕ್ಕಿ ಇದೆ. ದುಡ್ಡು ಕೊಟ್ಟವನು ನಾನೇ, ಸಂತೋಷದಿಂದಲೇ ಕೊಟ್ಟೆ.

ಜೀವನವಿಡೀ ಸಿಗರೇಟು ಸೇದಿದ ವಾಲ್ಟ್ 1966ರ ಡಿಸೆಂಬರ್ 15ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ. ಫ್ಲಾರಿಡಾದಲ್ಲಿ ಎರಡನೆಯ ಉದ್ಯಾನ ಕಟ್ಟಬೇಕೆಂಬ ಆಸೆ ಅರ್ಧಕ್ಕೇ ನಿಂತಿತ್ತು. ನಿವೃತ್ತಿಗೆ ಸಿದ್ಧನಾಗಿದ್ದ ಅಣ್ಣ ರಾಯ್ ಮತ್ತೆ ಕುರ್ಚಿಯಲ್ಲಿ ಕುಳಿತ. ಕಂಪನಿಯ ಹೆಸರಷ್ಟೇ ಸಾಲದು, ತಮ್ಮನ ಪೂರ್ತಿ ಹೆಸರು ಇರಲೆಂದು ಅದನ್ನು ವಾಲ್ಟ್ ಡಿಸ್ನಿ ವರ್ಲ್ಡ್ ಎಂದು ಕರೆದ. 1971ರ ಅಕ್ಟೋಬರ್ 1ರಂದು ಅದರ ಬಾಗಿಲು ತೆರೆಯಿತು. ಆ ಡಿಸೆಂಬರಿನಲ್ಲಿ ರಾಯ್ ಕೂಡ ಹೋದ.